ಮಿನಿ ಟ್ರ್ಯಾಕ್ಟರ್‌ನಲ್ಲಿ ಬ್ಯಾಟರಿ ಚಾರ್ಜ್ ಆಗುತ್ತಿಲ್ಲ: ಪದೇ ಪದೇ ಕೇಳುವ ಪ್ರಶ್ನೆಗಳು

ದ್ರಾಕ್ಷಿ, ದಾಳಿಂಬೆ, ಅಡಿಕೆ ತೋಟಗಳ ಸಾಲಿನ ನಡುವೆ ಓಡಾಡುವ ಸಣ್ಣ ಡೀಸೆಲ್ ಟ್ರ್ಯಾಕ್ಟರ್‌ಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು ಇದು. 12 ವೋಲ್ಟ್ ಬ್ಯಾಟರಿ, ಅದರ ಮೈನಸ್ ತುದಿ ಗಾಡಿಯ ಕಬ್ಬಿಣದ ಮೈಗೆ, ಅಂದರೆ ಬಾಡಿಗೆ, ಅರ್ಥ್ ಆಗಿರುವ ಗಾಡಿ ಎಂದುಕೊಳ್ಳಿ. ದೊಡ್ಡ ಟ್ರ್ಯಾಕ್ಟರ್‌ಗೂ ಬಹುಪಾಲು ಇದೇ ಲೆಕ್ಕ.

ಹೊಸ ಬ್ಯಾಟರಿ ಹಾಕಿಸಿ ತಿಂಗಳಾಗಿಲ್ಲ, ಮತ್ತೆ ಸೆಲ್ಫ್ ಎತ್ತುತ್ತಿಲ್ಲ. ಬ್ಯಾಟರಿಯೇ ಡೂಪ್ಲಿಕೇಟಾ?

ಇರಬಹುದು, ಆದರೆ ಮೊದಲ ಅನುಮಾನ ಅದರ ಮೇಲೆ ಬೇಡ. ತಾರಸಿಯ ಟ್ಯಾಂಕ್ ಖಾಲಿಯಾದರೆ ಯಾರೂ ಟ್ಯಾಂಕನ್ನೇ ಬದಲಿಸುವುದಿಲ್ಲ. ಮೋಟರ್ ನೀರೆತ್ತುತ್ತಿದೆಯೇ, ಪೈಪ್ ಎಲ್ಲಾದರೂ ಸೋರುತ್ತಿದೆಯೇ ಎಂದು ನೋಡುತ್ತಾರೆ. ಬ್ಯಾಟರಿಗೂ ಅಷ್ಟೇ. ಹಳೆಯ ಬ್ಯಾಟರಿ ಚಾರ್ಜ್ ಸಿಗದೆ ಸತ್ತಿದ್ದರೆ ಹೊಸದೂ ಅದೇ ದಾರಿ ಹಿಡಿಯುತ್ತದೆ. ಅಂಗಡಿಯಿಂದ ತುಂಬಿ ಬಂದ ಚಾರ್ಜ್ ಇರುವಷ್ಟು ದಿನ ಎಲ್ಲ ಸರಿಯಿದ್ದಂತೆ ಕಾಣುತ್ತದೆ, ಅದು ಮುಗಿದ ಬೆಳಿಗ್ಗೆ ಸೆಲ್ಫ್ ‘ಕಟ್ ಕಟ್’ ಎನ್ನುತ್ತದೆ.

ಚಾರ್ಜಿಂಗ್ ದೋಷದಲ್ಲಿ ದುಡ್ಡು ಹೋಗುವುದೇ ಇಲ್ಲಿ. ಮೊದಲು ಬ್ಯಾಟರಿ, ಆಮೇಲೆ ಆಲ್ಟರ್ನೇಟರ್, (ಎಂಜಿನ್ ಓಡುವಾಗ ಬ್ಯಾಟರಿಗೆ ಚಾರ್ಜ್ ಕೊಡುವ ಯಂತ್ರ), ಆಮೇಲೆ ವೈರಿಂಗ್ ಕಿಟ್ ಎಂದು ಒಂದೊಂದೇ ಬದಲಿಸುತ್ತ ಹೋಗುತ್ತಾರೆ. ಕೊನೆಗೆ ಸಿಕ್ಕಿದ್ದು ತುಕ್ಕು ಹಿಡಿದ ಒಂದು ಅರ್ಥ್ ಬೋಲ್ಟ್. ಕೆಲವು ನೂರು ರೂಪಾಯಿಯ ಮಲ್ಟಿಮೀಟರ್ ಒಂದು ಮನೆಯಲ್ಲಿದ್ದರೆ ಈ ಸರದಿಯನ್ನು ತಪ್ಪಿಸಬಹುದು.

ಮೀಟರ್ ಹಿಡಿದು ಅಭ್ಯಾಸವಿಲ್ಲ. ಎಲ್ಲಿಂದ ಶುರು ಮಾಡಲಿ?

ಮೀಟರ್ ಕೀಲಿಯನ್ನು ಡಿಸಿ 20 ವೋಲ್ಟ್‌ಗೆ ತಿರುಗಿಸಿ. ಕೆಂಪು ಕಡ್ಡಿ ಬ್ಯಾಟರಿಯ ಪ್ಲಸ್ ಕಂಬಕ್ಕೆ, ಕಪ್ಪು ಕಡ್ಡಿ ಮೈನಸ್ ಕಂಬಕ್ಕೆ. ಕ್ಲ್ಯಾಂಪಿಗಲ್ಲ, ಸೀಸದ ಕಂಬಕ್ಕೇ ತಾಗಿಸಿ. ಕ್ಲ್ಯಾಂಪ್ ಸಡಿಲವಿದ್ದರೆ ಲೆಕ್ಕವೇ ತಪ್ಪುತ್ತದೆ.

ಮೊದಲ ಓದು, ಗಾಡಿ ರಾತ್ರಿಯೆಲ್ಲ ನಿಂತ ಮೇಲೆ ಬೆಳಿಗ್ಗೆ ಕೀ ಹಾಕುವ ಮುಂಚೆ. 12.6 ಅಥವಾ ಮೇಲಿದ್ದರೆ ಬ್ಯಾಟರಿ ತುಂಬಿದೆ. 12.4 ಎಂದರೆ ಸುಮಾರು ಮುಕ್ಕಾಲು, 12.2 ಎಂದರೆ ಅರ್ಧ, 12ರ ಕೆಳಗೆ ಇಳಿದಿದ್ದರೆ ಬಹುತೇಕ ಖಾಲಿ. ಚೆನ್ನಾಗಿ ಚಾರ್ಜ್ ಮಾಡಿದ ಮೇಲೂ 10.5ರ ಆಸುಪಾಸಿನಲ್ಲೇ ನಿಂತರೆ ಆರು ಸೆಲ್‌ಗಳಲ್ಲಿ ಒಂದು ಸತ್ತಿದೆ, ಆ ಬ್ಯಾಟರಿಯ ಕಥೆ ಮುಗಿದಂತೆಯೇ.

ಎರಡನೆಯದು, ಸೆಲ್ಫ್ ಹೊಡೆಯುವಾಗ. ಇನ್ನೊಬ್ಬರು ಕೀ ತಿರುಗಿಸಲಿ, ನೀವು ಮೀಟರ್ ನೋಡಿ. ಬ್ಯಾಟರಿ ತುಂಬಿದ್ದೂ ಆ ಹೊತ್ತಿನಲ್ಲಿ 9.6ಕ್ಕಿಂತ ಕೆಳಗೆ ಕುಸಿದರೆ ಬ್ಯಾಟರಿಗೆ ಶಕ್ತಿ ಉಳಿದಿಲ್ಲ, ಇಲ್ಲವೇ ಸೆಲ್ಫ್ ಮೋಟರ್ ವಿಪರೀತ ಕರೆಂಟ್ ಎಳೆಯುತ್ತಿದೆ. ಕುಸಿಯದೆ 12ರ ಮೇಲೇ ನಿಂತು ಸೆಲ್ಫ್ ಮಾತ್ರ ತಿರುಗದಿದ್ದರೆ ಕರೆಂಟ್ ಅಲ್ಲಿಗೆ ತಲುಪುತ್ತಲೇ ಇಲ್ಲ. ಕ್ಲಚ್ ಸ್ವಿಚ್, ನ್ಯೂಟ್ರಲ್ ಸ್ವಿಚ್, ಕೀ ಸ್ವಿಚ್, ಕೇಬಲ್ ಕಡೆ ಹೋಗಿ. ಅದು ಚಾರ್ಜಿಂಗ್ ತೊಂದರೆಯೇ ಅಲ್ಲ.

ಮೂರನೆಯದು ಮುಖ್ಯವಾದದ್ದು. ಎಂಜಿನ್ ಚಾಲೂ ಆದ ಮೇಲೆ ಆಕ್ಸಿಲರೇಟರ್ ಅರ್ಧಕ್ಕೆ ಏರಿಸಿ ನೋಡಿ. 13.8ರಿಂದ 14.5ರ ಒಳಗೆ ಇರಬೇಕು. ಹೆಡ್‌ಲೈಟ್ ಹಾಕಿದಾಗಲೂ 13.5ರ ಕೆಳಗೆ ಬೀಳಬಾರದು. ಬೆಳಿಗ್ಗೆ ಇದ್ದ 12.3 ಎಂಜಿನ್ ಓಡುವಾಗಲೂ 12.3ರಲ್ಲೇ ನಿಂತಿದ್ದರೆ, ಅಥವಾ ನಿಧಾನಕ್ಕೆ ಇಳಿಯುತ್ತಿದ್ದರೆ, ಚಾರ್ಜ್ ಬರುತ್ತಿಲ್ಲ. 15 ದಾಟಿದರೆ ಅತಿಯಾಗಿ ಬರುತ್ತಿದೆ. ಪೂರ್ತಿ ಖಾಲಿಯಾದ ಬ್ಯಾಟರಿ ಮೊದಲ ಕೆಲವು ನಿಮಿಷ ವೋಲ್ಟೇಜನ್ನು ಕೆಳಗೆಳೆಯುತ್ತದೆ, ಆದ್ದರಿಂದ ಸ್ವಲ್ಪ ಕಾದು ತೀರ್ಮಾನಿಸಿ.

ಎಂಜಿನ್ ಓಡುವಾಗ ನೋಡುವ ಎಲ್ಲ ಕೆಲಸಕ್ಕೂ ಗಾಡಿ ನ್ಯೂಟ್ರಲ್‌ನಲ್ಲಿರಲಿ, ಪಿಟಿಓ (ಉಪಕರಣ ತಿರುಗಿಸುವ ಶಾಫ್ಟ್) ಬಿಟ್ಟಿರಲಿ, ಹ್ಯಾಂಡ್‌ಬ್ರೇಕ್ ಎಳೆದಿರಲಿ. ಹೆಗಲ ಮೇಲಿನ ಟವೆಲ್ ತೆಗೆದಿಡಿ. ಮಿನಿ ಟ್ರ್ಯಾಕ್ಟರ್‌ನ ಬಾನೆಟ್ ಒಳಗೆ ಜಾಗ ಕಡಿಮೆ, ಫ್ಯಾನ್ ಕೈಗೆ ತೀರಾ ಹತ್ತಿರ.

ನಮ್ಮ ಗಾಡಿಯಲ್ಲಿರುವುದು ಡೈನಮೋನಾ, ಆಲ್ಟರ್ನೇಟರಾ?

ಊರಲ್ಲಿ ಎರಡನ್ನೂ ಡೈನಮೋ ಎಂದೇ ಕರೆಯುತ್ತಾರೆ. ಕರೆಯಲು ತೊಂದರೆಯಿಲ್ಲ, ಪರೀಕ್ಷೆ ಮಾತ್ರ ಬೇರೆ ಬೇರೆ.

ಇಂದಿನ ಬಹುತೇಕ ಗಾಡಿಗಳಲ್ಲಿರುವುದು ಕಾರಿನಲ್ಲಿರುವಂಥದೇ ಆಲ್ಟರ್ನೇಟರ್. ಹಿಂಬದಿಯಲ್ಲಿ ನಟ್ ಹಾಕಿ ಬಿಗಿದ ದಪ್ಪ ವೈರ್ ಒಂದು, ಅದನ್ನು ಬಿ ಪ್ಲಸ್ ಎನ್ನುತ್ತಾರೆ. ಪಕ್ಕದಲ್ಲಿ ಎರಡು ಮೂರು ಸಣ್ಣ ವೈರ್‌ಗಳ ಕನೆಕ್ಟರ್. ಕಟೌಟ್, ಅಂದರೆ ವೋಲ್ಟೇಜನ್ನು ಮಿತಿಯಲ್ಲಿಡುವ ರೆಗ್ಯುಲೇಟರ್, ಒಳಗೇ ಕೂತಿರುತ್ತದೆ. ಇನ್ನು ಕೆಲವು ಸಣ್ಣ ಗಾಡಿಗಳಲ್ಲಿ, ಕುಬೋಟಾದ ಹಳೆಯ ಬಿ7100ರಂಥವುಗಳಲ್ಲಿ, ಕಾಯಂ ಆಯಸ್ಕಾಂತದ ಪುಟ್ಟ ಡೈನಮೋ ಇರುತ್ತದೆ. ಅದರಿಂದ ಹೊರಬರುವುದು ಎರಡೇ ವೈರ್, ಸಾಮಾನ್ಯವಾಗಿ ಒಂದೇ ಬಣ್ಣದವು. ಅವು ಬಾನೆಟ್ ಒಳಗೆ ಬೇರೆಡೆ ಕೂತಿರುವ, ಗೀರುಗೀರು ರೆಕ್ಕೆಗಳಿರುವ ಅಲ್ಯೂಮಿನಿಯಂ ಡಬ್ಬಿಗೆ ಹೋಗುತ್ತವೆ. ಆ ಡಬ್ಬಿಯೇ ಕಟೌಟ್.

ಕೀ ಆನ್ ಮಾಡಿದಾಗ ಬ್ಯಾಟರಿ ದೀಪವೇ ಹತ್ತುತ್ತಿಲ್ಲ. ದೀಪ ಹತ್ತದಿದ್ದರೆ ಒಳ್ಳೆಯದೇ ಅಲ್ಲವೇ?

ಅಲ್ಲ. ಎಂಜಿನ್ ಚಾಲೂ ಆಗುವ ಮುಂಚೆ ಅದು ಹತ್ತಲೇಬೇಕು, ಚಾಲೂ ಆದ ಮೇಲೆ ಆರಬೇಕು. ಹಲವು ಆಲ್ಟರ್ನೇಟರ್‌ಗಳಲ್ಲಿ ಆ ದೀಪದ ಮೂಲಕ ಹೋಗುವ ಸಣ್ಣ ಕರೆಂಟೇ ರೋಟರ್‌ನಲ್ಲಿ (ಒಳಗೆ ತಿರುಗುವ ಭಾಗದಲ್ಲಿ) ಮೊದಲ ಕಾಂತಶಕ್ತಿ ಹುಟ್ಟಿಸುವುದು. ಬಲ್ಬ್ ಸುಟ್ಟಿದ್ದರೆ ಆಲ್ಟರ್ನೇಟರ್ ಏಳುವುದೇ ಇಲ್ಲ, ಅಥವಾ ಒಮ್ಮೆ ಜೋರಾಗಿ ರೇಸ್ ಮಾಡಿದ ಮೇಲಷ್ಟೇ ಏಳುತ್ತದೆ. “ರೇಸ್ ಕೊಟ್ಟರೆ ಚಾರ್ಜ್ ಆಗುತ್ತದೆ, ಇಲ್ಲದಿದ್ದರೆ ಇಲ್ಲ” ಎಂದು ಯಾರಾದರೂ ಹೇಳಿದರೆ ನಾನು ಮೊದಲು ಕೇಳುವುದು ಈ ದೀಪವನ್ನೇ. ಡ್ಯಾಶ್‌ಬೋರ್ಡ್‌ನ ಸಣ್ಣ ಬಲ್ಬ್ ತೆಗೆದು ಎಲ್‌ಇಡಿ ಹಾಕಿಸಿದ ಗಾಡಿಗಳಲ್ಲೂ ಇದೇ ತೊಂದರೆ ಬರುವುದುಂಟು. ಎಲ್‌ಇಡಿ ಮೂಲಕ ಅಷ್ಟು ಕರೆಂಟ್ ಹಾಯುವುದಿಲ್ಲ.

ಆಲ್ಟರ್ನೇಟರ್‌ನ ಸಣ್ಣ ಕನೆಕ್ಟರ್‌ನಲ್ಲಿ ಎಲ್ ಎಂಬ ಗುರುತಿನ ವೈರ್ ಇರುತ್ತದೆ. ಅದು ಯಾವುದೆಂದು ಖಚಿತವಾಗಿ ಗೊತ್ತಿದ್ದರೆ ಮಾತ್ರ ಹೀಗೆ ಮಾಡಿ: ಎಂಜಿನ್ ನಿಂತಿರಲಿ. ಕನೆಕ್ಟರ್ ಕಳಚಿ, ಕೀ ಆನ್ ಮಾಡಿ, ಆ ವೈರನ್ನು ಬಾಡಿಗೆ ತಾಗಿಸಿ. ದೀಪ ಹತ್ತಿದರೆ ಬಲ್ಬೂ ವೈರೂ ಸರಿ, ದೋಷ ಆಲ್ಟರ್ನೇಟರ್ ಒಳಗೆ. ಹೆಚ್ಚಾಗಿ ರೋಟರ್‌ಗೆ ಕರೆಂಟ್ ಮುಟ್ಟಿಸುವ ಕಾರ್ಬನ್ ಬ್ರಷ್ ಸವೆದಿರುತ್ತದೆ. ಹತ್ತದಿದ್ದರೆ ಬಲ್ಬ್, ಫ್ಯೂಸ್ ಅಥವಾ ನಡುವಿನ ವೈರ್. ದಪ್ಪ ಬಿ ಪ್ಲಸ್ ವೈರನ್ನು ಮಾತ್ರ ಎಂದೂ ಬಾಡಿಗೆ ತಾಗಿಸಬೇಡಿ, ಅದು ನೇರ ಬ್ಯಾಟರಿಯಿಂದ ಬಂದದ್ದು.

ಎಂಜಿನ್ ಓಡುವಾಗ ದೀಪ ಮಂದವಾಗಿ ಉರಿಯುತ್ತದೆ. ಓಡಿಸಬಹುದೇ?

ಪೂರ್ತಿ ಬೆಳಗಿದರೆ ಚಾರ್ಜ್ ಇಲ್ಲವೆಂದು ಅರ್ಥ. ಮಂದವಾಗಿ ಮಿಣುಕಿದರೆ ಆಲ್ಟರ್ನೇಟರ್ ಒಳಗೆ ಎಸಿಯನ್ನು ಡಿಸಿ ಮಾಡುವ ಡಯೋಡ್‌ಗಳಲ್ಲಿ ಒಂದು ಹೋಗಿರಬಹುದು, ಅಥವಾ ಬಿ ಪ್ಲಸ್ ವೈರ್‌ನ ದಾರಿಯಲ್ಲಿ ಎಲ್ಲೋ ಕಿಲುಬು ಹಿಡಿದಿದೆ. ಅಂದಿನ ಕೆಲಸ ಮುಗಿಸಿಕೊಳ್ಳಿ, ವಾರಗಟ್ಟಲೆ ಹಾಗೇ ಓಡಿಸಬೇಡಿ.

ಬೆಲ್ಟ್ ಎಷ್ಟು ಬಿಗಿ ಇರಬೇಕು?

ಎರಡು ಪುಲ್ಲಿಗಳ ನಡುವಿನ ಉದ್ದನೆಯ ಭಾಗವನ್ನು ಹೆಬ್ಬೆರಳಿನಿಂದ ಬಲವಾಗಿ ಒತ್ತಿದರೆ ಸುಮಾರು 10 ಮಿಲಿಮೀಟರ್ ತಗ್ಗಬೇಕು. ನಿಮ್ಮ ಗಾಡಿಯ ಪುಸ್ತಕದಲ್ಲಿ ಬೇರೆ ಅಂಕಿ ಇದ್ದರೆ ಅದನ್ನೇ ಹಿಡಿಯಿರಿ. ಸಡಿಲವಿದ್ದರೆ ಲೈಟ್ ಹಾಕಿದಾಗ ಅಥವಾ ಸ್ಟಾರ್ಟ್ ಆದ ಕೂಡಲೇ ‘ಕೀಂಯ್’ ಎಂದು ಕೂಗುತ್ತದೆ. ಅತಿ ಬಿಗಿಯಾದರೆ ಆಲ್ಟರ್ನೇಟರ್‌ದೂ ವಾಟರ್ ಪಂಪ್‌ದೂ ಬೇರಿಂಗ್ ಹಾಳು. ಬೆಲ್ಟ್ ಪುಲ್ಲಿಯ ಬದಿಗಳನ್ನು ಕಚ್ಚಿ ಹಿಡಿಯಬೇಕು. ಸವೆದು ತಳಕ್ಕೆ ತಾಗುತ್ತಿದ್ದರೆ, ಬದಿಗಳು ಗಾಜಿನಂತೆ ನುಣುಪಾಗಿದ್ದರೆ, ಎಷ್ಟು ಬಿಗಿ ಮಾಡಿದರೂ ಜಾರುತ್ತದೆ. ಹೊಸದು ಹಾಕಿ. ಮೇಣ, ಸೋಪು ಸವರುವ ಉಪಾಯ ಬೇಡ.

ಎಲ್ಲ ಚೆನ್ನಾಗಿದೆ ಎನ್ನುತ್ತಾರೆ, ಆದರೂ ಬ್ಯಾಟರಿಗೆ ಚಾರ್ಜ್ ತಲುಪುತ್ತಿಲ್ಲ. ನಡುವೆ ಎಲ್ಲಿ ಸೋರುತ್ತಿದೆ?

ತೋಟದ ಗಾಡಿಗಳಲ್ಲಿ ನಾನು ಮೊದಲು ಅನುಮಾನಿಸುವುದು ಈ ‘ನಡುವೆ’ಯನ್ನೇ. ದ್ರಾಕ್ಷಿಗೆ ಬೋರ್ಡೋ ದ್ರಾವಣ ಸಿಂಪಡಿಸುವಾಗ ಮಂಜು ಗಾಡಿಯ ಮೇಲೂ ಕೂರುತ್ತದೆ. ಅದರಲ್ಲಿರುವ ಮೈಲುತುತ್ತ ಕಬ್ಬಿಣವನ್ನು ತಿನ್ನುತ್ತದೆ. ಮೇಲಿಂದ ಪ್ರೆಶರ್ ಪಂಪಿನ ನೀರು, ಗೊಬ್ಬರದ ಧೂಳು. ವರ್ಷ ಎರಡು ವರ್ಷದಲ್ಲಿ ಕನೆಕ್ಟರ್‌ಗಳ ಒಳಗೆ ಹಸಿರು ಕಿಲುಬು ಕಟ್ಟಿ, ಹೊರಗಿನಿಂದ ನೋಡಿದರೆ ಏನೂ ಕಾಣುವುದಿಲ್ಲ.

ಇದನ್ನು ಕಣ್ಣಿಂದ ಹುಡುಕುವುದಕ್ಕಿಂತ ಮೀಟರ್‌ನಿಂದ ಹುಡುಕುವುದು ಸುಲಭ. ಎಂಜಿನ್ ಅರ್ಧ ರೇಸ್‌ನಲ್ಲಿರಲಿ, ಹೆಡ್‌ಲೈಟ್ ಹಾಕಿರಲಿ. ಮೀಟರ್‌ನ ಒಂದು ಕಡ್ಡಿ ಆಲ್ಟರ್ನೇಟರ್‌ನ ಬಿ ಪ್ಲಸ್ ಬೋಲ್ಟಿಗೆ, ಇನ್ನೊಂದು ಬ್ಯಾಟರಿಯ ಪ್ಲಸ್ ಕಂಬಕ್ಕೆ. ಎರಡೂ ಪ್ಲಸ್ಸೇ, ಹಾಗಾಗಿ ಓದು ಸೊನ್ನೆಯ ಹತ್ತಿರ ಇರಬೇಕು. 0.3 ವೋಲ್ಟ್ ತನಕ ಪರವಾಗಿಲ್ಲ. ಒಂದು ವೋಲ್ಟ್ ತೋರಿಸಿದರೆ ಆ ಒಂದು ವೋಲ್ಟ್ ದಾರಿಯಲ್ಲೇ ಬಿಸಿಯಾಗಿ ಹೋಗುತ್ತಿದೆ. ನಡುವಿನ ದೊಡ್ಡ ಫ್ಯೂಸ್ ಅಥವಾ ಫ್ಯೂಸಿಬಲ್ ಲಿಂಕ್ (ಫ್ಯೂಸ್‌ನಂತೆ ಸುಡುವ ವೈರ್ ತುಂಡು), ಅದರ ಲಗ್ (ಬೋಲ್ಟಿಗೆ ಸೇರುವ ತುದಿ), ಸೆಲ್ಫ್ ಮೋಟರ್ ಮೇಲಿನ ನಟ್ ಇವನ್ನೆಲ್ಲ ಒಂದೊಂದಾಗಿ ನೋಡಿ. ಕೈಗೆ ಬಿಸಿ ತಾಗುವ ಜಾಯಿಂಟೇ ಕಳ್ಳ. 14 ವೋಲ್ಟ್ ಆಲ್ಟರ್ನೇಟರ್ ಮೇಲೇ ನಿಂತು ಬ್ಯಾಟರಿಗೆ ಏನೂ ಬರದಿದ್ದರೆ ಆ ಲಿಂಕ್ ಪೂರ್ತಿ ಸುಟ್ಟಿದೆ.

ಮೈನಸ್ ಕಡೆಗೂ ಅದೇ ಪರೀಕ್ಷೆ. ಒಂದು ಕಡ್ಡಿ ಆಲ್ಟರ್ನೇಟರ್ ಮೈಗೆ, ಇನ್ನೊಂದು ಬ್ಯಾಟರಿಯ ಮೈನಸ್ ಕಂಬಕ್ಕೆ. ಇಲ್ಲಿ 0.2 ದಾಟಬಾರದು. ದಾಟಿದರೆ ಅರ್ಥ್ ಕೇಬಲ್‌ನ ಎರಡೂ ತುದಿ ಬಿಚ್ಚಿ, ಪೇಂಟ್, ತುಕ್ಕು ಕೆರೆದು ಹೊಳೆಯುವ ಲೋಹ ಕಾಣುವಂತೆ ಮಾಡಿ ಬಿಗಿಯಿರಿ. ಬ್ಯಾಟರಿ ಕಂಬದ ಮೇಲಿನ ಬಿಳಿ ಹಸಿರು ಪುಡಿಗೆ ಬಿಸಿನೀರಲ್ಲಿ ಕರಗಿಸಿದ ಅಡುಗೆ ಸೋಡಾ ಸಾಕು. ಬ್ಯಾಟರಿ ಮುಚ್ಚಳದೊಳಗೆ ಮಾತ್ರ ಆ ನೀರು ಇಳಿಯಬಾರದು. ಬಿಗಿದ ಮೇಲೆ ವ್ಯಾಸಲೀನ್ ಸವರಿ, ಮೊದಲೇ ಅಲ್ಲ. ಬಿಚ್ಚುವಾಗ ಮೈನಸ್ ಮೊದಲು, ಹಾಕುವಾಗ ಮೈನಸ್ ಕೊನೆಗೆ.

ವೈರ್ ಎಲ್ಲ ಸರಿ. ಆಲ್ಟರ್ನೇಟರ್ ಬಿಚ್ಚುವ ಮುಂಚೆ ಇನ್ನೇನು ನೋಡಬೇಕು?

ಬಿ ಪ್ಲಸ್ ಬೋಲ್ಟಿನ ಮೇಲೇ ವೋಲ್ಟೇಜ್ 12ರ ಆಸುಪಾಸಿನಲ್ಲಿದೆ, ಬೆಲ್ಟ್ ಗಟ್ಟಿಯಿದೆ, ಸಣ್ಣ ಕನೆಕ್ಟರ್‌ಗೆ ಕೀ ಆನ್ ಮಾಡಿದಾಗ ಸಪ್ಲೈ ಬರುತ್ತಿದೆ. ಈ ಮೂರೂ ಖಾತ್ರಿಯಾದರೆ ಬಿಚ್ಚಬಹುದು.

ಡಯೋಡ್ ಹೋಗಿದೆಯೇ ಎಂದು ಗಾಡಿಯ ಮೇಲೇ ತಿಳಿಯಬಹುದು. ಎಂಜಿನ್ ಓಡುವಾಗ ಲೈಟ್ ಹಾಕಿ, ಮೀಟರನ್ನು ಎಸಿ ವೋಲ್ಟ್‌ಗೆ ತಿರುಗಿಸಿ ಬ್ಯಾಟರಿ ಮೇಲೆ ಹಿಡಿಯಿರಿ. 0.5ಕ್ಕಿಂತ ಹೆಚ್ಚು ಎಸಿ ಕಂಡರೆ ಡಯೋಡ್ ಪ್ಲೇಟ್ ಕೆಟ್ಟಿರುವ ಸಾಧ್ಯತೆ ಹೆಚ್ಚು. ಆದರೆ ತೀರಾ ಅಗ್ಗದ ಕೆಲವು ಮೀಟರ್‌ಗಳು ಎಸಿಯಲ್ಲಿಟ್ಟು ಬ್ಯಾಟರಿಗೆ ಹಿಡಿದರೆ 27, 28 ಎಂದೆಲ್ಲ ತೋರಿಸುತ್ತವೆ, ಕಡ್ಡಿ ಅದಲು ಬದಲು ಮಾಡಿದರೆ ಸೊನ್ನೆ ತೋರಿಸುತ್ತವೆ. ಎಂಜಿನ್ ನಿಂತಿರುವಾಗಲೂ ಹಾಗೇ ತೋರಿಸಿದರೆ ಆ ಮೀಟರ್ ಈ ಕೆಲಸಕ್ಕೆ ಬಾರದು, ಡಯೋಡ್ ಮೇಲೆ ತಪ್ಪು ಹೊರಿಸಬೇಡಿ.

ಬಿಚ್ಚಿದ ಮೇಲೆ ಆಟೋ ಎಲೆಕ್ಟ್ರಿಷಿಯನ್ ಬಳಿ ಬ್ರಷ್ ಎಷ್ಟು ಉಳಿದಿದೆ, ಬ್ರಷ್ ಉಜ್ಜುವ ಸ್ಲಿಪ್ ರಿಂಗ್ ಗೀರು ಬಿದ್ದಿದೆಯೇ, ಬೇರಿಂಗ್ ಸದ್ದು ಮಾಡುತ್ತದೆಯೇ ಎಂದು ಎದುರಿಗೇ ನೋಡಿ. ಬ್ರಷ್, ಕಟೌಟ್, ಬೇರಿಂಗ್ ಇಷ್ಟೇ ಆದರೆ ರಿಪೇರಿ ಲಾಭ. ಸ್ಟೇಟರ್ (ತಿರುಗದೆ ನಿಂತಿರುವ ಭಾಗ) ಸುರುಳಿ ಸುಟ್ಟು ಕಪ್ಪಾಗಿ ಘಾಟು ಬರುತ್ತಿದ್ದರೆ, ರೋಟರ್ ಕೂಡ ಹೋಗಿದ್ದರೆ, ನನ್ನ ಮಟ್ಟಿಗೆ ಹೊಸದೇ ವಾಸಿ. ಯಾವುದೇ ಆದರೂ ವಾಪಸ್ ತರುವ ಮುಂಚೆ ಬೆಂಚ್ ಮೇಲೆ ಓಡಿಸಿ ತೋರಿಸಲು ಹೇಳಿ.

ಎರಡು ವೈರಿನ ಸಣ್ಣ ಡೈನಮೋ ಪರೀಕ್ಷೆ ಹೇಗೆ?

ಎರಡೂ ವೈರ್‌ಗಳನ್ನು ಕಟೌಟ್‌ನಿಂದ ಕಳಚಿ, ಎಂಜಿನ್ ಚಾಲೂ ಮಾಡಿ, ಅವೆರಡರ ನಡುವೆ ಎಸಿ ವೋಲ್ಟ್ ಅಳೆಯಿರಿ. ರೇಸ್ ಏರಿದಂತೆ ಅಂಕಿಯೂ ಏರಬೇಕು, ಹೆಚ್ಚಿನ ವೇಗದಲ್ಲಿ ಸಾಮಾನ್ಯವಾಗಿ 20 ದಾಟಬೇಕು. ಏರಿದರೆ ಡೈನಮೋ ಸರಿ, ಕಟೌಟ್ ಅಥವಾ ಅದರ ವೈರ್ ನೋಡಿ. ಏನೂ ಬರದಿದ್ದರೆ ಸುರುಳಿ ತುಂಡಾಗಿದೆ. ಎಂಜಿನ್ ನಿಲ್ಲಿಸಿ ಓಮ್‌ನಲ್ಲಿ ನೋಡಿದರೆ ಎರಡು ವೈರ್‌ಗಳ ನಡುವೆ ಕಡಿಮೆ ರೋಧ ಇರಬೇಕು, ಯಾವ ವೈರಿನಿಂದಲೂ ಬಾಡಿಗೆ ಸಂಪರ್ಕ ಇರಬಾರದು.

ಹೊಸ ಕಟೌಟ್ ಕೊಳ್ಳುವ ಮುಂಚೆ ಹಳೆಯದರ ಬೋಲ್ಟ್ ಬಿಚ್ಚಿ, ಕೂರುವ ಜಾಗ ಉಜ್ಜಿ ಮತ್ತೆ ಬಿಗಿದು ನೋಡಿ. ಹಲವು ಡಬ್ಬಿಗಳಿಗೆ ಬಾಡಿಯೇ ಅರ್ಥ್. ಕೆಳಗೆ ತುಕ್ಕು ಬಂದರೆ ಡಬ್ಬಿ ಚೆನ್ನಾಗಿದ್ದರೂ ಕೆಲಸ ಮಾಡದು.

ಬ್ಯಾಟರಿ ನೀರು ಬೇಗ ಬೇಗ ಇಂಗುತ್ತದೆ, ಬಲ್ಬ್ ಸುಡುತ್ತಲೇ ಇರುತ್ತವೆ. ಏಕೆ?

ಓವರ್‌ಚಾರ್ಜ್. ಎಂಜಿನ್ ಓಡುವಾಗ 15ರ ಮೇಲೆ ತೋರಿಸಿದರೆ ಕಟೌಟ್ ಕೈಬಿಟ್ಟಿದೆ, ಅಥವಾ ಅದು ವೋಲ್ಟೇಜ್ ನೋಡಿಕೊಳ್ಳುವ ವೈರ್‌ನಲ್ಲಿ ಕಿಲುಬು ಸೇರಿ, ನಿಜವಾದುದಕ್ಕಿಂತ ಕಡಿಮೆ ಇದೆ ಎಂದು ತಿಳಿದು ಹೆಚ್ಚು ತಳ್ಳುತ್ತಿದೆ. ಬ್ಯಾಟರಿ ಒಳಗೆ ಆಸಿಡ್ ಕುದಿಯುವ ಸದ್ದು, ಮೂಗಿಗೆ ಗಂಧಕದ ವಾಸನೆ, ಉಬ್ಬಿದ ಬದಿಗಳು ಇದರ ಗುರುತು. ಆಗ ಹೊರಬರುವ ಹೈಡ್ರೋಜನ್ ಬೀಡಿಯ ಕಿಡಿಗೂ ಸಿಡಿಯುತ್ತದೆ.

ಇಂಗಿದ್ದಕ್ಕೆ ಡಿಸ್ಟಿಲ್ಡ್ ವಾಟರ್ ಮಾತ್ರ, ಪ್ಲೇಟ್ ಮುಳುಗಿ ಸುಮಾರು 10 ಮಿಲಿಮೀಟರ್ ಮೇಲಿರುವಷ್ಟು. ಬೋರ್‌ವೆಲ್ ನೀರು ಬೇಡ, ಆಸಿಡ್ ಅಂತೂ ಬೇಡವೇ ಬೇಡ.

ಹಗಲೆಲ್ಲ ಚೆನ್ನಾಗಿರುತ್ತದೆ, ಒಂದು ರಾತ್ರಿ ನಿಂತರೆ ಬ್ಯಾಟರಿ ಇಳಿದುಹೋಗುತ್ತದೆ.

ಬೆಳಿಗ್ಗೆ ಕೀ ಹಾಕುವ ಮುಂಚೆ ಆಲ್ಟರ್ನೇಟರ್ ಮೈಮೇಲೆ ಕೈ ಇಟ್ಟು ನೋಡಿ. ಸುತ್ತಲಿನ ಕಬ್ಬಿಣ ತಣ್ಣಗಿದ್ದು ಅದೊಂದು ಬೆಚ್ಚಗಿದ್ದರೆ ಡಯೋಡ್ ಸೋರುತ್ತಿದೆ, ಬ್ಯಾಟರಿ ರಾತ್ರಿಯಿಡೀ ಅದನ್ನು ಕಾಯಿಸುತ್ತ ಕೂತಿದೆ.

ಕೈಗೆ ತಿಳಿಯದಿದ್ದರೆ ಮೀಟರ್. ಕೀ ಆಫ್ ಮಾಡಿ, ಮೈನಸ್ ಕ್ಲ್ಯಾಂಪ್ ಕಳಚಿ, ಮೀಟರ್‌ನ ಕೆಂಪು ವೈರನ್ನು 10 ಆಂಪಿಯರ್ ತೂತಿಗೆ ಬದಲಿಸಿ, ಕಂಬಕ್ಕೂ ಕ್ಲ್ಯಾಂಪಿಗೂ ನಡುವೆ ಸೇರಿಸಿ. ಸಾದಾ ಮಿನಿ ಟ್ರ್ಯಾಕ್ಟರ್‌ನಲ್ಲಿ ಸೊನ್ನೆಯ ಹತ್ತಿರ ಇರಬೇಕು. ಡ್ಯಾಶ್‌ಬೋರ್ಡ್‌ನಲ್ಲಿ ಡಿಜಿಟಲ್ ಮೀಟರ್ ಇರುವ ಗಾಡಿಯಲ್ಲಿ ಸ್ವಲ್ಪ ಇರಬಹುದು. 50 ಮಿಲಿಆಂಪಿಯರ್ ದಾಟಿದರೆ ಹುಡುಕಿ. ಅರ್ಧ ಆಂಪಿಯರ್ ಸೋರಿದರೆ 12 ಗಂಟೆಗೆ 6 ಆಂಪಿಯರ್ ಅವರ್ ಹೋಯಿತು. ಒಂದೊಂದೇ ಫ್ಯೂಸ್ ಕೀಳುತ್ತ ಹೋಗಿ, ಯಾವುದು ಕಿತ್ತಾಗ ಅಂಕಿ ಬೀಳುತ್ತದೋ ಆ ಲೈನ್. ಎಲ್ಲ ಕಿತ್ತರೂ ಬೀಳದಿದ್ದರೆ ಬಿ ಪ್ಲಸ್ ವೈರ್ ತೆಗೆದು ನೋಡಿ. ಆ ವೈರಿನ ತುದಿ ಜೀವಂತ; ಮೊದಲು ಮೀಟರ್ ಕಳಚಿ, ವೈರ್ ಬಿಚ್ಚಿ ಟೇಪ್ ಸುತ್ತಿ, ಆಮೇಲೆ ಮೀಟರ್ ಸೇರಿಸಿ. ಮೀಟರ್ ಹೀಗೆ ಸೇರಿಸಿರುವಾಗ ಸೆಲ್ಫ್ ಮಾತ್ರ ಹೊಡೆಯಬೇಡಿ, ಮೀಟರ್ ಫ್ಯೂಸ್ ಹಾರುತ್ತದೆ.

ಅಂಟಿಕೊಂಡ ರಿಲೇ, ಕೀ ಆಫ್ ಮಾಡಿದರೂ ಉಳಿಯುವ ಎಫ್‌ಎಂ ಸೆಟ್, ಮೊಬೈಲ್ ಚಾರ್ಜರ್ ಸಾಕೆಟ್ ಇವು ಸಾಮಾನ್ಯ. ಶೆಡ್ಡಿನಲ್ಲಿ ಹೆಗ್ಗಣ ಇದ್ದರೆ ಕಡಿದ ವೈರ್ ಹುಡುಕಿ.

ಎಲ್‌ಇಡಿ ಬಾರ್, ಸೌಂಡ್ ಸಿಸ್ಟಂ ಹಾಕಿಸಿದ್ದೇನೆ. ಅದರಿಂದಲೇ ಆಗಿರಬಹುದೇ?

ಲೆಕ್ಕ ಹಾಕಿ. ವ್ಯಾಟ್ ಅನ್ನು 12ರಿಂದ ಭಾಗಿಸಿದರೆ ಆಂಪಿಯರ್. 55 ವ್ಯಾಟಿನ ಎರಡು ಹೆಡ್‌ಲೈಟ್ ಸುಮಾರು 9 ಆಂಪಿಯರ್, ನಿಜಕ್ಕೂ 120 ವ್ಯಾಟ್ ಎಳೆಯುವ ಬಾರ್ 10. ಆಲ್ಟರ್ನೇಟರ್ ಮೇಲೆ 35 ಎಂದು ಬರೆದಿದ್ದರೆ ಅದು ಹೆಚ್ಚಿನ ವೇಗದಲ್ಲಿ ಕೊಡುವ ಅಂಕಿ. ಐಡಲ್‌ನಲ್ಲಿ ಅದರಲ್ಲಿ ಒಂದು ಪಾಲು ಮಾತ್ರ. 14 ಆಂಪಿಯರ್‌ನ ಪುಟ್ಟ ಡೈನಮೋಗಂತೂ ಆ ಬಾರ್ ಹೆಡ್‌ಲೈಟ್ ಜೊತೆ ಸೇರಿದರೆ ಭಾರವೇ. ರಾತ್ರಿ ನೀರು ಹಾಯಿಸುವಾಗ ಗಾಡಿ ಐಡಲ್‌ನಲ್ಲಿಟ್ಟು ಎಲ್ಲ ಲೈಟ್ ಉರಿಸಿದರೆ ಬ್ಯಾಟರಿ ಇಳಿಯುತ್ತದೆ, ಯಾವ ಭಾಗವೂ ಕೆಟ್ಟಿರಬೇಕಾಗಿಲ್ಲ.

ಪದೇ ಪದೇ ಸ್ಟಾರ್ಟ್ ಮಾಡಿ ನಿಲ್ಲಿಸುವುದರಿಂದ ಬ್ಯಾಟರಿ ಹೋಗುತ್ತದಂತೆ?

ಅಂದುಕೊಂಡಷ್ಟಿಲ್ಲ. ಸೆಲ್ಫ್ 150 ಆಂಪಿಯರ್ ಎಳೆದರೂ ಐದು ಸೆಕೆಂಡಿಗೆ ಖರ್ಚಾಗುವುದು ಸುಮಾರು 0.2 ಆಂಪಿಯರ್ ಅವರ್. ಸ್ಟಾರ್ಟ್‌ಗೆ ಮುಂಚೆ ಎಂಜಿನ್ ಒಳಗನ್ನು ಕಾಯಿಸುವ ಗ್ಲೋ ಪ್ಲಗ್ ಸೇರಿಸಿದರೂ ಸರಿಯಾದ ಆಲ್ಟರ್ನೇಟರ್ ಅದನ್ನು ಕೆಲವೇ ನಿಮಿಷದಲ್ಲಿ ತುಂಬುತ್ತದೆ. ಆದರೆ ಅರ್ಧ ಖಾಲಿಯಾದ 50 ಆಂಪಿಯರ್ ಅವರ್ ಬ್ಯಾಟರಿಯನ್ನು ಗಾಡಿ ಒಂದು ಗಂಟೆ ಓಡಿಸಿ ತುಂಬಿಸಲಾಗದು. ಹೊರಗಿನ ಚಾರ್ಜರ್‌ನಲ್ಲಿ 5 ಆಂಪಿಯರ್‌ಗೆ ಇಟ್ಟು ರಾತ್ರಿಯಿಡೀ ಬಿಡಿ.

ಓಡುವಾಗ ಬ್ಯಾಟರಿ ವೈರ್ ಕಳಚಿ ಎಂಜಿನ್ ನಿಂತರೆ ಡೈನಮೋ ಹೋಗಿದೆ ಎಂದು ಮೆಕ್ಯಾನಿಕ್ ಹೇಳುತ್ತಾನೆ. ಸರಿಯೇ?

ಡೀಸೆಲ್ ಎಂಜಿನ್‌ಗೆ ಆ ಪರೀಕ್ಷೆಗೆ ಅರ್ಥವೇ ಇಲ್ಲ. ಮೆಕ್ಯಾನಿಕಲ್ ಪಂಪಿನ ಎಂಜಿನ್ ಕರೆಂಟಿಲ್ಲದೆಯೂ ಓಡುತ್ತಲೇ ಇರುತ್ತದೆ. ಮೇಲಾಗಿ ಚಾರ್ಜ್ ಆಗುತ್ತಿರುವ ಬ್ಯಾಟರಿಯನ್ನು ತಟ್ಟನೆ ಕಳಚಿದರೆ ವೋಲ್ಟೇಜ್ ಒಮ್ಮೆಲೇ ಜಿಗಿದು ಡಯೋಡ್, ಕಟೌಟ್ ಸುಡುತ್ತವೆ. ಚೆನ್ನಾಗಿದ್ದ ಆಲ್ಟರ್ನೇಟರನ್ನು ಕೆಡಿಸಿ, “ನೋಡಿ, ಕೆಟ್ಟಿದೆ” ಎಂದು ತೋರಿಸಿದಂತಾಗುತ್ತದೆ. ನಿಮ್ಮ ಗಾಡಿಯ ಮೇಲೆ ಇದನ್ನು ಮಾಡಲು ಬಿಡಬೇಡಿ.

ಜಂಪ್ ಕೊಡುವಾಗ ಪ್ಲಸ್ ಮೈನಸ್ ಅದಲು ಬದಲಾದರೂ ಅದೇ ಗತಿ. ಟ್ರಾಲಿ ಕೊಂಡಿಗೋ ಬಂಪರ್‌ಗೋ ವೆಲ್ಡಿಂಗ್ ಮಾಡಿಸುವಾಗ ಬ್ಯಾಟರಿಯ ಮೈನಸ್ ಕಳಚಿ, ವೆಲ್ಡಿಂಗ್ ಅರ್ಥ್ ಕ್ಲ್ಯಾಂಪನ್ನು ಬೆಸೆಯುವ ಜಾಗದ ಪಕ್ಕದಲ್ಲೇ ಹಾಕಿಸಿ.

ಬಿಡಿಭಾಗ ಬರಲು ಎರಡು ದಿನ. ಅಲ್ಲಿಯವರೆಗೆ ಚಾರ್ಜ್ ಇಲ್ಲದೆ ಕೆಲಸ ಮಾಡಬಹುದೇ?

ಹಗಲು ಕೆಲಸ ಮಾಡಬಹುದು. ಆದರೆ ಬೆಲ್ಟ್ ಹರಿದಿದ್ದರೆ ಬೇಡ. ಅದೇ ಬೆಲ್ಟ್ ವಾಟರ್ ಪಂಪನ್ನೂ ತಿರುಗಿಸುವ ಗಾಡಿಯಲ್ಲಿ ಎಂಜಿನ್ ಕಾದು ಹೆಡ್ ಗ್ಯಾಸ್ಕೆಟ್ ಹೋಗುತ್ತದೆ. ಆಲ್ಟರ್ನೇಟರ್ ಬೇರಿಂಗ್ ಕಿರುಗುಟ್ಟುತ್ತಿದ್ದರೂ ಬೇಡ.

ಬ್ಯಾಟರಿಯನ್ನು ರಾತ್ರಿ ಚಾರ್ಜರ್‌ಗೆ ಹಾಕಿ, ಬೆಳಿಗ್ಗೆ ಒಮ್ಮೆ ಸ್ಟಾರ್ಟ್ ಮಾಡಿ, ಊಟದ ಹೊತ್ತಿಗೆ ಬಿಟ್ಟರೆ ನಡುವೆ ನಿಲ್ಲಿಸಬೇಡಿ. ಲೈಟ್, ಎಫ್‌ಎಂ ಬಂದ್. ನಿಮ್ಮ ಗಾಡಿಯಲ್ಲಿ ಡೀಸೆಲ್ ಬಿಡುವುದಕ್ಕೆ ಕರೆಂಟಿನ ಸೊಲೆನಾಯ್ಡ್ ಅಥವಾ ಎಲೆಕ್ಟ್ರಿಕ್ ಪಂಪ್ ಇದ್ದರೆ ವೋಲ್ಟೇಜ್ ತೀರಾ ಇಳಿದಾಗ ಎಂಜಿನ್ ತಾನಾಗಿ ನಿಲ್ಲಬಹುದು, ಅಂಥದ್ದನ್ನು ಏರಿನಲ್ಲಿ, ರಸ್ತೆಯಲ್ಲಿ ಓಡಿಸಬೇಡಿ. ಮಧ್ಯಾಹ್ನ ಮೀಟರ್ ಹಿಡಿದು ನೋಡಿ, 12.2ಕ್ಕೆ ಬಂದಿದ್ದರೆ ಆ ದಿನ ಎಂಜಿನ್ ಬಂದ್ ಮಾಡುವುದು ಮನೆ ಅಂಗಳದಲ್ಲೇ, ಚಾರ್ಜರ್ ವೈರ್ ಎಟಕುವ ಜಾಗದಲ್ಲಿ.